ನೀರಿಗೆ ಬೆದರಿದ ಎರಡು ಕುದುರೆಗಳು

ಮೇರಠ
8 ಜನವರಿ 1978

ಜೈನಬಿ ಆಪಾಗೆ ತಮ್ಮ ಮುರ್ತುಜನ ಸಲಾಮು.

ಇಲ್ಲಿ ಮಳೆ ಹಿಡಿದುಕೊಂಡಿದೆ. ಜನವರಿಯಲ್ಲಿ ಮಳೆ ಎಂದರೆ ಬಾಗಲಕೋಟೆಯಲ್ಲಿ ಯಾರೂ ನಂಬಲಿಕ್ಕಿಲ್ಲ, ಈ ಕಡೆ ಅದು ಚಳಿಯ ಜೊತೆಗೇ ಬರುತ್ತದೆ. ಈ ಸಲ ಬಂದದ್ದು ಹೋಗುವ ಹೆಸರು ಹೇಳುತ್ತಿಲ್ಲ. ನಮ್ಮ ಮಿಲಿಟರಿ ಲಾಯದ ಮುಂದಿನ ಮೈದಾನದಲ್ಲಿ ಬೂಟು ಊರಿದರೆ ಮೇಲೆ ಬರುವುದು ಬರೀ ಕಾಲು. ಕುದುರೆಗಳು ಒಳಗೇ ನಿಂತು ಹೊಟ್ಟೆ ಬೆಳೆಸಿಕೊಂಡಿವೆ, ಮೈಮೇಲೆ ಕರಡಿಯ ಹಾಗೆ ಕೂದಲು ಬಿಟ್ಟಿವೆ. ನಾಲ್ಕು ಹೆಜ್ಜೆ ಓಡಿಸಿದರೆ ಉಬ್ಬಸ.

ಮಾರ್ಚ್ ಕೊನೆಗೆ ದಿಲ್ಲಿಯಲ್ಲಿ ಪಂದ್ಯ. ಇದು ಮೂರು ದಿನದ್ದು, ಒಂದೇ ಕುದುರೆ, ಒಬ್ಬನೇ ಸವಾರ. ಮೊದಲ ದಿನ ಕುದುರೆ ಹೇಳಿದ ಹಾಗೆ ನಡೆಯುತ್ತದೋ ಇಲ್ಲವೋ ನೋಡುತ್ತಾರೆ. ಎರಡನೆಯ ದಿನ ಬಯಲಿನಲ್ಲಿ ಮೈಲುಗಟ್ಟಲೆ ಓಟ, ದಾರಿಯಲ್ಲಿ ಮರದ ದಿಮ್ಮಿ, ಕಂದಕ, ನೀರು. ಆ ದಣಿವಿನ ಮೇಲೆ ಮೂರನೆಯ ದಿನ ಕಟ್ಟಿದ ಗಳಗಳನ್ನು ಬೀಳಿಸದೆ ಜಿಗಿಯಬೇಕು. ಇಷ್ಟು ವರ್ಷ ನಾನು ಬೇರೆಯವರು ಏರುವ ಕುದುರೆಗಳ ಮೈ ತಿಕ್ಕಿದವನು. ಈ ಸಲ ಏರುವುದಕ್ಕೇ ಒಂದನ್ನು ಕೊಟ್ಟಿದ್ದಾರೆ. ಹೆಸರು ದಿಲಾವರ. ಬಾದಾಮಿಯ ಕಲ್ಲಿನ ಬಣ್ಣ. ಅಬ್ಬಾ ಇದ್ದಿದ್ದರೆ ಟಾಂಗಾ ಸ್ಟ್ಯಾಂಡಿನ ತುಂಬ ಹೇಳಿಕೊಂಡು ತಿರುಗುತ್ತಿದ್ದರು.

ಭಾವ ನನ್ನ ಎರಡು ಕಾಗದಕ್ಕೆ ಉತ್ತರ ಬರೆದಿಲ್ಲ. ನವೆಂಬರಿನಲ್ಲಿ ನಿಮ್ಮಲ್ಲಿ ಬಹಳ ಮಳೆ ಆಯಿತೆಂದು ಪೇಪರಿನಲ್ಲಿ ಓದಿದೆ. ಭಾವನ ಟಾಂಗಾ ಎಳೆಯುವ ಲಾಲಿಯ ಗೊರಸುಗಳು ಹೇಗಿವೆ? ಒದ್ದೆ ನೆಲದಲ್ಲಿ ನಿಂತರೆ ಅಡಿ ಕೊಳೆಯುತ್ತದೆ. ದಿನಾ ಕಾಲೆತ್ತಿ ನೋಡಬೇಕು. ಆ ಕೆಲಸ ಭಾವನೇ ಮಾಡಲಿ, ನೀನು ಕುದುರೆಯ ಹಿಂದೆ ಹೋಗಬೇಡ. ಮುಮ್ತಾಜಳಿಗೆ ಮಾಮಾನ ಮುತ್ತು.

ನಿನ್ನ ತಮ್ಮ,
ಮುರ್ತುಜ


ಬಾಗಲಕೋಟೆ, ಕಿಲ್ಲಾ ಓಣಿ
20 ಜನವರಿ 1978

ಮುರ್ತುಜನಿಗೆ ಅಕ್ಕನ ದುವಾ.

ಕಾಗದ ಓದಿ ಮುಮ್ತಾಜ ಓಣಿಯ ತುಂಬ ಸುದ್ದಿ ಹಂಚಿ ಬಂದಳು. ಮಾಮಾ ಕುದುರೆಯ ಮೇಲೆ ಕೂತು ಗೋಡೆ ಹಾರುತ್ತಾನಂತೆ ಎಂದು ಹೇಳಿದ್ದಾಳೆ. ಇರಲಿ ಎಂದು ಬಿಟ್ಟೆ.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ಬರೆಯಲು ಪುರುಸೊತ್ತಿಲ್ಲ, ಬೇಸರ ಮಾಡಿಕೊಳ್ಳಬೇಡ. ನೀನು ಹೇಳಿದ್ದು ಸರಿ, ಲಾಲಿಯ ಹಿಂದಿನ ಎಡಗಾಲಿನ ಗೊರಸು ಕೊಳೆತಿದೆ. ನಡುವಿನ ಮೆತ್ತನೆಯ ಭಾಗ ಕಪ್ಪಗಾಗಿ, ಒತ್ತಿದರೆ ಕೀವಿನ ವಾಸನೆ ಬರುತ್ತದೆ. ಕಡ್ಡಿ ಹಾಕಿ ಕೆರೆದರೆ ಕಾಲು ಜಗ್ಗುತ್ತಾಳೆ, ಆದರೆ ಒದೆಯುವುದಿಲ್ಲ. ಮನೆಯ ಹಿಂದೆ ಮರಳು ಹಾಕಿಸಿ, ಅದರ ಮೇಲೆ ಶೇಂಗಾ ಹೊಟ್ಟು ಹರಡಿ ನಿಲ್ಲಿಸುತ್ತಿದ್ದೇವೆ. ಇನ್ನೇನು ಮಾಡಬೇಕು ಬರೆ.

ಇನ್ನೊಂದು ಮಾತು. ಸ್ಟೇಷನ್ನಿಗೆ ಹೋಗುವ ದಾರಿಯ ಹಳ್ಳದಲ್ಲಿ ಇನ್ನೂ ಪಾದ ಮುಳುಗುವಷ್ಟು ನೀರು ಹರಿಯುತ್ತಿದೆ. ಅಲ್ಲಿಗೆ ಬಂದರೆ ಲಾಲಿ ನಿಂತುಬಿಡುತ್ತಾಳೆ. ಕಿವಿ ಹಿಂದಕ್ಕೆ ಒತ್ತಿ, ಮೈಯೆಲ್ಲ ನಡುಗಿಸಿ, ಟಾಂಗಾವನ್ನೇ ಹಿಂದಕ್ಕೆ ತಳ್ಳುತ್ತಾಳೆ. ಸುತ್ತುಹಾಕಿ ಹೋಗುವಷ್ಟರಲ್ಲಿ ಗಾಡಿ ಬಂದು, ಬೇರೆ ಟಾಂಗಾಗಳು ತುಂಬಿ ಹೊರಟಿರುತ್ತವೆ. ನೀರಿಗೆ ಹೆದರಿದ ಕುದುರೆಗೆ ನಿಮ್ಮಲ್ಲಿ ಏನು ಮಾಡುತ್ತಾರೆ ಎಂದು ನಿನ್ನ ಭಾವ ಕೇಳುತ್ತಾರೆ.

ಬೆಚ್ಚಗಿರು. ತಲೆಗೆ ಏನಾದರೂ ಕಟ್ಟಿಕೋ.

ಜೈನಬಿ


ಮೇರಠ
3 ಫೆಬ್ರುವರಿ 1978

ಆಪಾಗೆ ಸಲಾಮು.

ಅಕ್ಷರ ಬೇರೆ ಕಂಡು ಗಾಬರಿಯಾಗಬೇಡ. ನನ್ನ ಬಲಗೈ ಹೆಬ್ಬೆರಳಿಗೆ ಕುರು ಆಗಿದೆ. ಹೇಳುವವನು ನಾನು, ಬರೆಯುವವನು ನಮ್ಮ ಹುನಗುಂದದ ಯಮನಪ್ಪ. ಇಲ್ಲಿ ಅಡುಗೆಮನೆಯಲ್ಲಿದ್ದಾನೆ. ಇಷ್ಟು ಜನರಲ್ಲಿ ಜೋಳದ ರೊಟ್ಟಿ ಬಡಿಯಲು ಬರುವವನು ಅವನೊಬ್ಬನೇ.

ಗೊರಸಿಗೆ ಹೀಗೆ ಮಾಡಿರಿ. ಕೊಳೆತದ್ದನ್ನು ಕೆರೆದು ತೆಗೆದು ಉಪ್ಪುನೀರಿನಲ್ಲಿ ತೊಳೆಯಿರಿ. ಒಣಗಿದ ಮೇಲೆ ಮೈಲುತುತ್ತದ ಪುಡಿ ಸ್ವಲ್ಪ ಒತ್ತಿ, ಮೇಲೆ ಅರಳೆ ತುಂಬಿರಿ. ಎರಡು ದಿನಕ್ಕೊಮ್ಮೆ ಬದಲಿಸಬೇಕು. ಇಲ್ಲಿಯ ಕುದುರೆಗಳಿಗೂ ಇದೇ ಆಗಿದೆ. ಜೊತೆಗೆ ಗೊರಸಿನ ಮೇಲ್ಗಡೆ ಕೆಸರು ಕೂತು ಹುಣ್ಣಾಗಿವೆ. ಈಗ ಮಳೆ ನಿಂತಿದೆ. ಬೆಳಿಗ್ಗೆ ಗಟ್ಟಿ ರಸ್ತೆಯ ಮೇಲೆ ಬರೀ ನಡೆಸುತ್ತಾರೆ, ಓಡಿಸುವುದಿಲ್ಲ. ಮೆತ್ತಗಾದ ಕಾಲು ಮೊದಲು ಗಟ್ಟಿಯಾಗಬೇಕು, ಆಮೇಲೆ ಉಸಿರು.

ನೀರಿನ ವಿಷಯ. ಹೊಡೆಯಬೇಡಿ ಎಂದಷ್ಟೇ ಹೇಳಬಲ್ಲೆ.

ಯಮನಪ್ಪ ರಜೆಯ ಮೇಲೆ ಊರಿಗೆ ಬರುತ್ತಿದ್ದಾನೆ. ಬಾಗಲಕೋಟೆಯಲ್ಲಿ ಇಳಿದು, ಗೊರಸಿಗೆ ಹಚ್ಚುವ ಮುಲಾಮಿನ ಡಬ್ಬಿ ನಿಮ್ಮ ಮನೆಗೆ ಕೊಟ್ಟು ಹುನಗುಂದದ ಬಸ್ಸು ಹಿಡಿಯುತ್ತಾನೆ. ಭಾವ ಸ್ಟೇಷನ್ನಿನಲ್ಲಿ ಇದ್ದರೆ ಅವರ ಟಾಂಗಾದಲ್ಲೇ ಬರಲಿ.

ಮುರ್ತುಜ


ಬಾಗಲಕೋಟೆ
16 ಫೆಬ್ರುವರಿ 1978

ಮುರ್ತುಜ,

ಇವತ್ತಿನ ಕಾಗದ ಉದ್ದ ಇದೆ. ಕೂತುಕೊಂಡು ಓದು.

ನಿನ್ನೆ ಸೊಲ್ಲಾಪುರದ ಗಾಡಿಯಿಂದ ಒಬ್ಬರು ಇಳಿದರು. ಕೈಯಲ್ಲಿ ಕಬ್ಬಿಣದ ಪೆಟ್ಟಿಗೆ, ಮಿಲಿಟರಿ ಕಟಿಂಗು. ಬೇರೆ ಟಾಂಗಾದವರು ಅಷ್ಟರಲ್ಲಿ ತುಂಬಿ ಹೋಗಿದ್ದರು. ಲಾಲಿ ಒಬ್ಬಳೇ ನಿಂತಿದ್ದಳು. ಅವರು ಪೆಟ್ಟಿಗೆ ಎತ್ತಿ ಹಿಂದಿನ ಸೀಟಿಗೆ ಇಟ್ಟು, ಮುಂದೆ ನೋಡಿ, ಮತ್ತೆ ಕೆಳಗಿಳಿಸಿದರು.

"ಟಾಂಗಾ ಹೊಡಿಯೋರು ಎಲ್ಲಿ ಹೋಗ್ಯಾರವಾ?" ಎಂದರು.

"ಇಲ್ಲೇ ಕುಂತಾರಲ್ರಿ. ಎಲ್ಲಿಗೆ ಹೋಗಬೇಕು?" ಎಂದೆ ಮುಂದಿನ ಸೀಟಿನಿಂದ.

ಅವರು ಆ ಕಡೆ ಈ ಕಡೆ ನೋಡಿ, ಬೇರೆ ದಾರಿ ಕಾಣದೆ ಹತ್ತಿದರು. "ಕಿಲ್ಲಾ ಓಣಿಗೆ ಬಿಡ್ರಿ. ಟಾಂಗಾ ಇಮಾಮಸಾಬರ ಮನಿ. ಅವರ ಮನಿಯವರು ಜೈನಬಿ ಅಂತ, ಅವರ ಕೈಯಾಗ ಒಂದು ಡಬ್ಬಿ ಕೊಡೂದೈತಿ."

ನನ್ನ ಕೈಯಲ್ಲಿ ಲಗಾಮು ಸಡಿಲಾಯಿತು. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ ಮುರ್ತುಜ. ಸ್ವಲ್ಪ ದೂರ ಸುಮ್ಮನೆ ಹೊಡೆದೆ. ಆಮೇಲೆ ಹೇಳಿದೆ: "ಡಬ್ಬಿ ಇಲ್ಲೇ ಕೊಡ್ರಿ. ನೀವು ಕುಂತದ್ದು ಇಮಾಮಸಾಬರ ಟಾಂಗಾದಾಗ. ಜೈನಬಿ ನಾನ."

ಯಮನಪ್ಪನವರು ಪೆಟ್ಟಿಗೆ ತೆರೆದು ಡಬ್ಬಿ ಮುಂದೆ ಚಾಚಿದರು. ನಾನೇ ಕೇಳಿದೆ, "ನಮ್ಮ ತಮ್ಮನ ಹೆಬ್ಬೆರಳು ಆರಾಮ ಆತೇನ್ರಿ?"

ಅದಕ್ಕೆ ಅವರು, "ಅಕ್ಕಾರ, ನಿಮ್ಮ ಕಡೆ ಮುಚ್ಚಿಡೂದು ಇತ್ತು. ನೀವೂ ಮುಚ್ಚಿಟ್ಟೀರಿ. ಇನ್ನ ನಾ ಹೇಳೇಬಿಡ್ತೇನಿ," ಎಂದು ಎಲ್ಲ ಹೇಳಿದರು. ಜನವರಿ ಕೊನೆಗೆ ಮಳೆ ನಿಂತ ಕೂಡಲೇ ಅವಸರದಿಂದ ಮಾಡಿದ ಅಭ್ಯಾಸದಲ್ಲಿ ದಿಲಾವರ ನೀರಿಗೆ ಜಿಗಿದು, ತಳದ ಕೆಸರಿನಲ್ಲಿ ಕಾಲು ಹೂತು ಮಗುಚಿ ಬಿದ್ದದ್ದು. ನೀನು ಕೆಳಗೆ ಸಿಕ್ಕು ಉಸಿರು ಕಟ್ಟಿದ್ದು. ಕೊರಳ ಹತ್ತಿರದ ಎಲುಬು ಮುರಿದು ಕೈ ಕಟ್ಟಿಕೊಂಡು ತಿರುಗುತ್ತಿರುವುದು. ಕುದುರೆಗೆ ಗಾಯ ಇಲ್ಲವಂತೆ, ಆದರೆ ಬಕೆಟಿನ ನೀರು ಚೆಲ್ಲಿದರೂ ಹಾರಿಬೀಳುತ್ತದಂತೆ. ಮಾರ್ಚ್ ಮೊದಲ ವಾರದೊಳಗೆ ಅದು ನೀರಿಗಿಳಿಯದಿದ್ದರೆ ಈ ವರ್ಷದ ಪಂದ್ಯಕ್ಕೆ ಒಯ್ಯುವುದಿಲ್ಲ, ಮತ್ತೆ ಮುರ್ತುಜನಿಗೆ ಬೇರೆ ಕುದುರೆಯೂ ಇಲ್ಲ ಎಂದರು.

ಕೊನೆಗೆ ಅವರು ಇನ್ನೊಂದು ಮಾತು ಹೇಳಿದರು. "ಅವಂಗ ಕೈ ನೋಯೂದು ಅಷ್ಟೇನಿಲ್ಲ ಅಕ್ಕಾರ. ಆ ನೀರಿನ ಕಡೆ ಅವನೂ ಹೊಳ್ಳಿ ನೋಡವಲ್ಲ."

ಈಗ ನನ್ನದು ಕೇಳು. ನವೆಂಬರಿನ ಆ ಮಳೆಯಲ್ಲಿ ಹಳ್ಳ ದಾಟುವಾಗ ಟಾಂಗಾದ ಗಾಲಿ ಕುಸಿದು ಮಗುಚಿತು. ನಿನ್ನ ಭಾವನ ಮೊಣಕಾಲ ಕೆಳಗಿನ ಎಲುಬು ಎರಡು ಕಡೆ ಮುರಿದಿದೆ. ಅಂದಿನಿಂದ ಪ್ಲಾಸ್ಟರು ಹಾಕಿಸಿಕೊಂಡು ಕಿಟಕಿಯ ಹತ್ತಿರ ಮಲಗಿದ್ದಾರೆ. ಮೊದಲ ಕೆಲವು ದಿನ ಟಾಂಗಾವನ್ನು ನೆಂಟರ ಹುಡುಗನೊಬ್ಬ ಹೊಡೆದ. ಅವನು ಲಾಲಿಗೆ ಚಾಟಿಯಿಂದ ಬಾರಿಸಿದ ಗೀರು ನೋಡಿ ನಾನೇ ಲಗಾಮು ತೆಗೆದುಕೊಂಡೆ. ಭಾವ ಮುಖ ಗೋಡೆಗೆ ತಿರುಗಿಸಿ ಮಲಗಿದರು. ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಎಷ್ಟೋ ದಿನ ಆದ ಮೇಲೆ ಒಂದು ಸಂಜೆ, "ಇವತ್ತ ಮೂಲಿ ತಿರುಗೂ ಮುಂದ ಭಾಳ ಬಿರುಸಾಗಿ ಬಂದಿ. ಹೆಜ್ಜಿ ಸಪ್ಪಳದಾಗ ತಿಳೀತು," ಎಂದರು. ಅಂದಿನಿಂದ ಮಾತಾಡಿದೆವು.

ನಿನಗೆ ಹೇಳಲಿಲ್ಲ, ನೀನೂ ಬೇಡ ಅನ್ನುತ್ತೀ ಎಂದುಕೊಂಡೆ. ನಿನಗೆ ನೆನಪಿರಬೇಕು. ಅಬ್ಬಾ ನಮ್ಮಿಬ್ಬರನ್ನೂ ಹೊಲದ ದಾರಿಯಲ್ಲಿ ಮುಂದೆ ಕೂರಿಸಿಕೊಳ್ಳುತ್ತಿದ್ದರು. ಊರು ಹತ್ತಿರ ಬಂದರೆ ನನ್ನನ್ನು ಹಿಂದೆ ಕಳಿಸಿ ಲಗಾಮು ನಿನ್ನ ಕೈಗೆ ಕೊಡುತ್ತಿದ್ದರು. ನೀನು ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ.

ಲಾಲಿ ಈಗ ಹಳ್ಳ ದಾಟುತ್ತಾಳೆ. ನಾನೇನೂ ದೊಡ್ಡದು ಮಾಡಲಿಲ್ಲ. ಟಾಂಗಾ ಬಿಚ್ಚಿ ಅವಳನ್ನು ದಂಡೆಯಲ್ಲಿ ಬಿಟ್ಟೆ. ಮಧ್ಯಾಹ್ನದ ಹೊತ್ತು, ಯಾರೂ ಇರಲಿಲ್ಲ. ನೀರಿನ ನಡುವೆ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟು ಸೊಪ್ಪು ಸೋಸಿದೆ. ಕರೆಯಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ನನಗೂ ಆ ಜಾಗ ಕಂಡರೆ ಎದೆ ಡವಗುಟ್ಟುತ್ತಿತ್ತು. ಕೂತು ಕೂತು ಅದು ಕಡಿಮೆಯಾಯಿತು. ಸುಮಾರು ಹೊತ್ತಿನ ಮೇಲೆ ನನ್ನ ಹೆಗಲಿಗೆ ಅವಳ ಬಿಸಿ ಉಸಿರು ತಾಕಿತು. ನನ್ನ ಪಕ್ಕ ನಿಂತು ನೀರು ಕುಡಿಯುತ್ತಿದ್ದಳು.

ಸಿಟ್ಟಾಗುವುದಾದರೆ ಆಗು. ಆದರೆ ಬರೆ.

ಜೈನಬಿ


ಬಾಗಲಕೋಟೆ
4 ಮಾರ್ಚ್ 1978

ಮುರ್ತುಜ,

ಯಮನಪ್ಪನವರು ಹೊಳ್ಳಿ ಹೋಗುವಾಗ ಹುನಗುಂದದಿಂದ ಬಂದು ಕಂಡು ಹೋದರು. ಅವರ ಕೈಯಲ್ಲಿ ಶೇಂಗಾ ಚಟ್ನಿ ಕಳಿಸಿದ್ದೇನೆ. ಲಾಲಿಯ ಗೊರಸು ಒಣಗಿದೆ, ಮೊನ್ನೆ ಹೊಸ ಲಾಳ ಹೊಡೆಸಿದೆ.

ನಿನ್ನ ಕಾಗದ ಬಂದಿಲ್ಲ. ಟಪಾಲಿನವನನ್ನು ಕೇಳುವುದನ್ನು ಬಿಟ್ಟಿದ್ದೇನೆ, ಪಾಪ, ನನ್ನನ್ನು ಕಂಡರೆ ಅವನೇ ಬೇರೆ ಓಣಿಗೆ ತಿರುಗುತ್ತಾನೆ.

ಜೈನಬಿ


ಮೇರಠ
7 ಮಾರ್ಚ್ 1978

ಆಪಾ,

ಅಕ್ಷರ ನನ್ನದೇ, ಸೊಟ್ಟಗಿದ್ದರೆ ಕ್ಷಮಿಸು. ಕೈಯ ಪಟ್ಟಿ ಬಿಚ್ಚಿದ್ದಾರೆ.

ನಿನ್ನ ಉದ್ದದ ಕಾಗದ ಬಂದ ದಿನ ನನಗೆ ಸಿಟ್ಟು ಬಂತು. ನೀನು ಟಾಂಗಾ ಹೊಡೆದದ್ದಕ್ಕೆ ಅಲ್ಲ. ಭಾವ ಮೂರು ತಿಂಗಳು ಮಲಗಿದರೂ ನನಗೆ ಹೇಳಲಿಲ್ಲವಲ್ಲ ಎಂದು. ಆಮೇಲೆ ನಾನು ಮಾಡಿದ್ದೂ ಅದೇ ಎಂದು ನೆನಪಾಯಿತು. ಉತ್ತರ ಬರೆಯಲು ಕೂತರೆ ದಿಲಾವರನ ವಿಷಯ ಬರೆಯಬೇಕಾಗುತ್ತದೆ. ಏನೂ ಇರಲಿಲ್ಲ ಬರೆಯಲು. ಅದಕ್ಕೇ ತಡ.

ನಾನು ಇಲ್ಲದಿದ್ದರೂ ಅವನ ತಯಾರಿ ನಡೆದಿತ್ತು. ಬೇರೆ ಸವಾರರು ಅವನನ್ನು ದಿನಾ ರಸ್ತೆಯ ಮೇಲೆ ನಡೆಸಿ, ಆಮೇಲೆ ಸಣ್ಣ ಓಟ ಓಡಿಸಿ, ಕಾಲುವೆಯ ಏರಿಯ ಮೇಲೆ ಹತ್ತಿಸಿ ಇಳಿಸಿ ಉಸಿರು ಗಟ್ಟಿ ಮಾಡಿದ್ದಾರೆ. ಕೂದಲು ಕತ್ತರಿಸಿದ ಮೇಲೆ ಒಳಗಿನ ಕುದುರೆ ಹೊರಗೆ ಬಂತು. ಹೊಟ್ಟೆ ಇಳಿದಿದೆ, ತೊಡೆ ತುಂಬಿದೆ. ಉಳಿದದ್ದು ನೀರಿನ ಹೆದರಿಕೆ ಒಂದೇ.

ಕಳೆದ ವಾರ ಒಂದು ಮಧ್ಯಾಹ್ನ ಅವನನ್ನು ಜೀನಿಲ್ಲದೆ, ನಾವು ಬಿದ್ದ ಆ ಹೊಂಡಕ್ಕೆ ಕರೆದುಕೊಂಡು ಹೋದೆ. ಹಗ್ಗ ಬಿಟ್ಟು ನಾನೊಬ್ಬನೇ ಇಳಿದೆ. ಸೋಸಲು ಸೊಪ್ಪು ಇರಲಿಲ್ಲ, ಲಗಾಮಿನ ಚರ್ಮಕ್ಕೆ ಎಣ್ಣೆ ತಿಕ್ಕುತ್ತ ನಿಂತೆ. ಮೊದಲ ದಿನ ಅವನು ಬರಲಿಲ್ಲ. ಎರಡನೆಯ ದಿನ ಮುಂಗಾಲು ಇಟ್ಟು ತೆಗೆದ. ಮುಂದಿನ ದಿನ ನೇರ ಬಂದು ಕಾಲಿನಿಂದ ನೀರು ಬಡಿದು ನನ್ನನ್ನು ತಲೆಯಿಂದ ಕಾಲಿನ ತನಕ ತೋಯಿಸಿದ. ದೂರ ನಿಂತು ನೋಡುತ್ತಿದ್ದ ನಮ್ಮ ಸಾಹೇಬರು ನಗುತ್ತ ಹೋದರು.

ಕುದುರೆ ನೀರಿಗೆ ಬಂತು ಆಪಾ. ನಾನು ಇನ್ನೂ ಬಂದಿರಲಿಲ್ಲ. ಕೆಳಗೆ ನಿಲ್ಲುವುದು ಬೇರೆ, ಮೇಲೆ ಕೂತು ಜಿಗಿಯುವುದು ಬೇರೆ. ನೀನು ಬರೆದಿದ್ದೆ, ನಿನಗೂ ಆ ಜಾಗ ಕಂಡರೆ ಎದೆ ಡವಗುಟ್ಟುತ್ತಿತ್ತು ಎಂದು. ಅದನ್ನು ಬಹಳ ಸಲ ಓದಿದೆ. ಹೆದರಿದ್ದು ನಾನೊಬ್ಬನೇ ಎಂದುಕೊಂಡಿದ್ದೆ. ಮೊನ್ನೆ ಸಾಹೇಬರ ಮುಂದೆ ನಿಂತು ಹೇಳಿದೆ, ಹೆದರಿಕೆ ಇದೆ, ಆದರೂ ಏರುತ್ತೇನೆ ಎಂದು. ಅವರು ಬಯ್ಯಲಿಲ್ಲ. ಸಣ್ಣ ದಿಬ್ಬದಿಂದ ಮೊದಲು ನಡೆಸಿ ಇಳಿಸು ಎಂದರು. ನಿನ್ನೆ ಇಳಿಸಿದೆ. ಇವತ್ತು ಎರಡು ಸಲ.

ಅಬ್ಬಾ ನಿನ್ನನ್ನು ಹಿಂದೆ ಕಳಿಸುತ್ತಿದ್ದುದು ನನಗೆ ನೆನಪಿದೆ. ಆ ವಯಸ್ಸಿನಲ್ಲಿ ಅದು ಹಾಗೇ ಇರಬೇಕು ಎಂದುಕೊಂಡಿದ್ದೆ.

ಭಾವನಿಗೆ ಸಲಾಮು.

ಮುರ್ತುಜ


ಬಾಗಲಕೋಟೆ
16 ಮಾರ್ಚ್ 1978

ಮುರ್ತುಜನಿಗೆ ದುವಾ.

ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಹೊಂಡದ ಕಡೆ ಬಂದಾಗ, "ಓದು, ಓದು, ಮುಂದ ಏನಾತು," ಎಂದು ಎದ್ದು ಕೂತರು.

ಸ್ಟ್ಯಾಂಡಿನ ಸಮಾಚಾರ ಹೇಳುತ್ತೇನೆ. ಮೊದಮೊದಲು ಅಲ್ಲಿಯವರಿಗೆ ನಾನು ಆಗುತ್ತಿರಲಿಲ್ಲ. ಶಂಕ್ರಪ್ಪನವರು ನಿನಗೆ ನೆನಪಿರಬೇಕು, ಅಬ್ಬಾನ ಜೊತೆ ಟಾಂಗಾ ಹೊಡೆದ ಹಿರಿಯರು. ನನ್ನ ಪಾಳಿ ಬಂದರೆ ಬೇರೆ ಟಾಂಗಾ ಮುಂದೆ ಬಿಡುತ್ತಿದ್ದರು. ನಾನು ಜಗಳ ಮಾಡಲಿಲ್ಲ, ಸಾಲಿನ ಕೊನೆಗೇ ನಿಲ್ಲುತ್ತಿದ್ದೆ. ಹೋದ ವಾರ ಅವರ ಸೊಸೆ ಸಿದ್ದಲಿಂಗವ್ವನಿಗೆ ದಿನ ತುಂಬುವ ಮೊದಲೇ ಬೇನೆ ಬಂತು. ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ. ಅವಳ ಅತ್ತೆ ಓಡಿ ಬಂದದ್ದು ನನ್ನ ಹತ್ತಿರ. ಜಗ್ಗಾಡದ ಹಾಗೆ, ಒಂದು ಕಲ್ಲಿನ ಮೇಲೂ ಗಾಲಿ ಹತ್ತದ ಹಾಗೆ ಲಾಲಿಯನ್ನು ನಡೆಸಿದೆ. ದವಾಖಾನೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಹೆಣ್ಣುಕೂಸು. ತಾಯಿ ಮಗಳು ಆರಾಮ.

ಮರುದಿನ ಶಂಕ್ರಪ್ಪನವರು ನನ್ನ ಹತ್ತಿರ ಬಂದು ಲಾಲಿಯ ಕೊರಳು ಸವರಿದರು. "ಸಾಲಿನ್ಯಾಗ ನಿಂದ್ರವಾ. ಕಡೀಕ ಯಾಕ ನಿಂದರ್ತಿ," ಎಂದರು. ಅಷ್ಟೇ. ಈಗ ಶಾಲೆಯ ಟೀಚರಮ್ಮಂದಿರು, ಬಾಣಂತಿಯರು, ಮುದುಕಿಯರು ನನ್ನನ್ನೇ ಕೇಳಿಕೊಂಡು ಬರುತ್ತಾರೆ.

ಭಾವನ ಪ್ಲಾಸ್ಟರು ತೆಗೆದರು. ಕಾಲು ತೆಳ್ಳಗಾಗಿದೆ, ಆದರೆ ಎಲುಬು ಸರಿಯಾಗಿ ಕೂಡಿದೆ ಎಂದು ಡಾಕ್ಟರು ಹೇಳಿದರು. ನನಗೆ ಅಲ್ಲೇ ಅಳು ಬಂತು. ಈಗ ಕೋಲು ಹಿಡಿದು ಅಂಗಳದ ತನಕ ಹೋಗುತ್ತಾರೆ. ಇನ್ನೊಂದು ತಿಂಗಳಿಗೆ ಟಾಂಗಾ ಹತ್ತಬಹುದಂತೆ.

ಪಂದ್ಯ ಮುಗಿದ ಕೂಡಲೇ ಬರೆ.

ಜೈನಬಿ


ಮೇರಠ
1 ಏಪ್ರಿಲ್ 1978

ಆಪಾ,

ಮುಗಿಯಿತು. ಇಬ್ಬರೂ ಇಡಿಯಾಗಿ ಮರಳಿ ಬಂದೆವು, ಮೊದಲು ಅದು ತಿಳಿದುಕೋ.

ಮೊದಲ ದಿನ ದಿಲಾವರ ಹೇಳಿದ ಹಾಗೆ ನಡೆಯಲಿಲ್ಲ. ಬ್ಯಾಂಡಿನವರ ಕಡೆ ಕಿವಿ ಇಟ್ಟು ಅಡ್ಡಡ್ಡ ಹೋದ. ಬಹಳ ಹಿಂದೆ ಬಿದ್ದೆವು. ಎರಡನೆಯ ದಿನ ಬಯಲಿನ ಓಟ. ಹಿಂದಿನ ಸಂಜೆ ನಾನು ದಾರಿ ನಡೆದು ನೋಡಿದ್ದೆ. ಅರ್ಧ ದಾರಿಯಲ್ಲಿ ನೀರು ಇತ್ತು. ಮರದ ದಿಮ್ಮಿ ಹಾರಿ ನೇರ ನೀರಿಗೆ ಇಳಿಯಬೇಕು, ತಳ ಕಾಣುವುದಿಲ್ಲ.

ಓಟದಲ್ಲಿ ಅಲ್ಲಿಗೆ ಬಂದಾಗ ಅವನು ಕಿವಿ ಮುಂದೆ ಮಾಡಿ ನೀರನ್ನು ನೋಡಿದ. ಒಂದು ಗಳಿಗೆ ಅವನ ಬೆನ್ನು ನನ್ನ ಕೆಳಗೆ ಗಟ್ಟಿಯಾಯಿತು. ನಾನು ಲಗಾಮು ಬಿಗಿ ಹಿಡಿದಿದ್ದರೆ ನಿಂತೇಬಿಡುತ್ತಿದ್ದ. ಕೈ ಸಡಿಲ ಬಿಟ್ಟೆ. "ನಡಿ ಮಗನ, ನಾನೂ ಬರ್ತೇನಿ," ಎಂದೆ. ಬಾಗಲಕೋಟೆಯ ಮಾತು ಅವನಿಗೆ ಏನು ತಿಳಿಯಬೇಕು. ಹಾರಿದ. ನೀರು ನನ್ನ ಮುಖದ ತನಕ ಎದ್ದಿತು, ಕಣ್ಣು ಬಿಡುವಷ್ಟರಲ್ಲಿ ಆಚೆ ದಂಡೆ ಏರುತ್ತಿದ್ದೆವು. ಅಲ್ಲಿಂದ ಮುಂದೆ ಏನೇನು ಹಾರಿದೆವೋ ನನಗೆ ನೆನಪಿಲ್ಲ. ನಗುತ್ತಿದ್ದೆ ಎಂದು ದಾರಿಯಲ್ಲಿ ನಿಂತವರು ಹೇಳಿದರು.

ಮೂರನೆಯ ದಿನ ಒಂದು ಗಳ ಬಿತ್ತು. ಒಟ್ಟು ಲೆಕ್ಕದಲ್ಲಿ ಆರನೆಯವರಾದೆವು. ಪದಕ ಇಲ್ಲ, ಫೋಟೋ ಇಲ್ಲ. ಆದರೆ ಮುಂದಿನ ವರ್ಷವೂ ದಿಲಾವರ ನನ್ನ ಕೈಯಲ್ಲೇ ಇರುತ್ತಾನೆ ಎಂದು ಸಾಹೇಬರು ಹೇಳಿದರು. ಯಮನಪ್ಪ ಆ ಸಂಜೆ ನಿನ್ನ ಚಟ್ನಿಯ ಕೊನೆಯ ಹಿಡಿಯನ್ನು ಹೊರತೆಗೆದ.

ಇನ್ನೊಂದು ಮಾತು. ನಿನ್ನ ಕಳೆದ ಕಾಗದದಲ್ಲಿ ಭಾವನ ಕಾಲು ಕೂಡಿತು ಎಂದು ಬರೆದ ಮೇಲೆ ಅರ್ಧ ಪುಟ ಖಾಲಿ ಇತ್ತು. ನೀನು ಕಾಗದದ ಅಂಚಿನಲ್ಲೂ ಬರೆಯುವವಳು. ಅವರು ಟಾಂಗಾ ಹತ್ತಿದ ಮೇಲೆ ನೀನು ಏನು ಮಾಡುತ್ತೀ ಎಂದು ನೀನು ಬರೆದಿಲ್ಲ. ನಾನು ಭಾವನಿಗೆ ಏನೂ ಬರೆಯುವುದಿಲ್ಲ. ಅದು ನೀವಿಬ್ಬರು ಕೂತು ಆಡುವ ಮಾತು. ಆದರೆ ನನ್ನನ್ನು ಕೇಳಿದರೆ ನಾನು ಯಾರ ಕಡೆ ಎಂದು ನಿನಗೆ ತಿಳಿದಿರಲಿ.

ಮುರ್ತುಜ


ಬಾಗಲಕೋಟೆ
22 ಏಪ್ರಿಲ್ 1978

ಮುರ್ತುಜನಿಗೆ ಅಕ್ಕ, ಭಾವ, ಮುಮ್ತಾಜ ಎಲ್ಲರ ಸಲಾಮು.

ಆರನೆಯವನು ಎಂದದ್ದನ್ನು ಮುಮ್ತಾಜ ಓಣಿಯಲ್ಲಿ ಮೊದಲನೆಯವನು ಎಂದು ಮಾಡಿ ಬಂದಿದ್ದಾಳೆ. ತಿದ್ದಲು ನಾನು ಹೋಗಲಿಲ್ಲ.

ಖಾಲಿ ಜಾಗದ ವಿಷಯ ಕೇಳಿದ್ದೀ. ಬರೆಯಲು ಕೂತರೆ ಅವರ ಕಾಲು ಕೂಡಿದ್ದಕ್ಕೆ ನನಗೆ ಸಂತೋಷ ಆಗಿಲ್ಲ ಎನ್ನುವ ಹಾಗೆ ಕಾಣುತ್ತಿತ್ತು. ಹಾಗಿರಲಿಲ್ಲ. ಸಂತೋಷವೂ ಖರೆ, ಇನ್ನೊಂದೂ ಖರೆ. ಮಾತಾಡಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಅವರು ಕೋಲು ಬಿಟ್ಟು ನಾಲ್ಕು ಹೆಜ್ಜೆ ಹಾಕಿ ನನ್ನ ಮುಖ ನೋಡಿ ನಗುತ್ತಿದ್ದರು. ಮಾತು ಅಲ್ಲೇ ನಿಲ್ಲುತ್ತಿತ್ತು.

ನಿನ್ನೆ ಶುಕ್ರವಾರ, ನಮಾಜು ಮುಗಿಸಿ ಬಂದು, "ನಡೀರಿ, ಮುಚಖಂಡಿ ಕೆರಿ ನೋಡಿ ಬರೂಣು. ಕಾಲಿಗೂ ಅಭ್ಯಾಸ ಆಕ್ಕೈತಿ," ಎಂದರು. ತಾವೇ ಲಾಲಿಯನ್ನು ಟಾಂಗಾಕ್ಕೆ ಹೂಡಿದರು. ಕಾಲನ್ನು ಎರಡೂ ಕೈಯಿಂದ ಎತ್ತಿಟ್ಟು ಮುಂದೆ ಕೂತರು. ನಾನು ಮುಮ್ತಾಜಳ ಜೊತೆ ಹಿಂದಿನ ಸೀಟಿನಲ್ಲಿ ಕೂತೆ. ಮೊದಲು ಸ್ವಲ್ಪ ದೂರ ನನ್ನ ಕೈಗಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವರು ಬಲಕ್ಕೆ ಎಳೆದರೆ ನಾನೂ ಬಲಕ್ಕೆ ಎಳೆಯುತ್ತಿದ್ದೆ. ಊರು ದಾಟಿತು. ಲಾಲಿಯ ಹೆಜ್ಜೆ ನಾಲ್ಕೂ ಒಂದೇ ಸಮ ಬೀಳುತ್ತಿದ್ದವು, ಎಲ್ಲೂ ಕುಂಟಿಲ್ಲ. ನವೆಂಬರಿನಿಂದ ಈಚೆಗೆ ನಾನು ಆ ಸಪ್ಪಳವನ್ನು ಕೆಲಸವಿಲ್ಲದೆ ಕೇಳಿರಲೇ ಇಲ್ಲ. ಮಗಳ ಹೆಗಲಿಗೆ ತಲೆ ಆನಿಸಿದ್ದು ನೆನಪಿದೆ. ನಿದ್ದೆ ಹತ್ತಿಬಿಟ್ಟಿತು.

ಎಚ್ಚರವಾದಾಗ ಟಾಂಗಾ ಕೆರೆಯ ಕಟ್ಟೆಯ ಮೇಲೆ ನಿಂತಿತ್ತು. ಮುಮ್ತಾಜ ಆಡುತ್ತಿದ್ದಳು. ಸೂರ್ಯ ಬಹಳ ಇಳಿದಿದ್ದ. ಅಷ್ಟು ಹೊತ್ತು ನನ್ನನ್ನು ಯಾರೂ ಎಬ್ಬಿಸಿರಲಿಲ್ಲ. ನಿನ್ನ ಭಾವ ಕೆಳಗಿಳಿದು, ಗಾಲಿಗೆ ಒರಗಿ, ಕಾಲು ನೀವಿಕೊಳ್ಳುತ್ತಿದ್ದರು.

"ನಿನ್ನೆ ಸಂಜೀ ಮುಂದ, ನೀ ಇಲ್ಲದಾಗ, ಟೀಚರಮ್ಮ ಮನೀಗೆ ಬಂದಿದ್ರು," ಎಂದರು. "ನಿಮ್ಮ ಕಾಲು ಆರಾಮ ಆತಂತ, ಇನ್ನ ಜೈನಬಿ ಬರೂದಿಲ್ಲೇನು ಅಂತ ಕೇಳಿದ್ರು. ಮುಂಜಾನಿ ಗಾಡಿಗೆ ನಾ ಹೋಗ್ತೇನಿ, ಮಧ್ಯಾಹ್ನದ ಮ್ಯಾಲೆ ಆಕಿ ಬರ್ತಾಳ ಅಂತ ಹೇಳಿ ಕಳಿಸೇನಿ."

ಅವರು ಲಗಾಮು ತೆಗೆದು ನನ್ನ ಮಡಿಲಿಗೆ ಹಾಕಿ ಹಿಂದಿನ ಸೀಟಿಗೆ ಬಂದರು.

"ಏಳು, ಮುಂದ ಹೋಗು," ಎಂದರು. "ಹೊಳ್ಳಿ ಹೊಡಿಯೂದು ನಿನ್ನ ಪಾಳಿ. ನನಗೂ ನಿದ್ದಿ ಬಂದೈತಿ."

ಊರಿನೊಳಗೆ ಬಂದಾಗ ದೀಪ ಹತ್ತಿದ್ದವು. ಹಿಂದೆ ಅಪ್ಪ ಮಗಳು ಇಬ್ಬರೂ ಮಲಗಿದ್ದರು. ನಾನು ಪೇಟೆಯ ನಡುವಿನ ದಾರಿಯಲ್ಲೇ ಹೊಡೆದುಕೊಂಡು ಬಂದೆ.

ನಿನ್ನ ಅಕ್ಕ,
ಜೈನಬಿ